ಸ್ವೀಡನ್ನಿಗೆ ಬಂದವರೇ, ನಿಮ್ಮ ಮನೆ ಯಾವ ವಿದ್ಯುತ್ ವಲಯದಲ್ಲಿದೆ?
ದಕ್ಷಿಣದ ಮಾಲ್ಮೋದಲ್ಲಿ ಮೊದಲ ಚಳಿಗಾಲದ ವಿದ್ಯುತ್ ಬಿಲ್ ಬಂದಾಗ ಮೀಟರ್ ಕೆಟ್ಟಿದೆಯೆಂದೇ ನಂಬಿದ್ದೆ. ಉತ್ತರದ ಲೂಲಿಯೊದಲ್ಲಿದ್ದ ಗೆಳೆಯ ನನಗಿಂತ ಹೆಚ್ಚು ಯುನಿಟ್ ಬಳಸಿಯೂ ಕಡಿಮೆ ಹಣ ಕಟ್ಟಿದ್ದ. ಮೀಟರ್ ಸರಿಯಾಗಿಯೇ ಇತ್ತು.

2011ರ ನವೆಂಬರ್ 1ರಿಂದ ಈ ದೇಶದಲ್ಲಿ ನಾಲ್ಕು ಬೆಲೆ ವಲಯಗಳಿವೆ. ಲೂಲಿಯೊ ಒಂದನೆಯದು, ಸುಂಡ್ಸ್‌ವಾಲ್ ಎರಡು, ಸ್ಟಾಕ್‌ಹೋಮ್ ಮೂರು, ಮಾಲ್ಮೋ ನಾಲ್ಕು. ಮನೆ ಹುಡುಕುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳಿ.

ನಾಳೆಯ ಬೆಲೆ ಇಂದೇ ನಿಗದಿಯಾಗುತ್ತದೆ. ಉತ್ಪಾದಕರೂ ಖರೀದಿದಾರರೂ ಮಧ್ಯಾಹ್ನ 12ರೊಳಗೆ ನಾರ್ಡ್ ಪೂಲ್‌ನಂಥ ವಿದ್ಯುತ್ ವಿನಿಮಯ ಕೇಂದ್ರಕ್ಕೆ ಬಿಡ್ ಸಲ್ಲಿಸುತ್ತಾರೆ. ಅಗ್ಗದ ಬಿಡ್‌ನಿಂದ ಮೊದಲುಗೊಂಡು ಬೇಡಿಕೆ ತುಂಬುವವರೆಗೆ ಒಂದೊಂದಾಗಿ ಆಯ್ಕೆಯಾಗುತ್ತವೆ. ಕೊನೆಯದಾಗಿ ಬೇಕಾದ ಬಿಡ್‌ನ ದರವೇ ಆ ವಲಯದ ಎಲ್ಲರಿಗೂ ದರ. ಸೊನ್ನೆಗೆ ಕೊಡಲು ಸಿದ್ಧವಿದ್ದ ಗಾಳಿಯಂತ್ರದವರಿಗೂ ಅದೇ ಸಿಗುತ್ತದೆ. 2025ರ ಅಕ್ಟೋಬರ್ 1ರಿಂದ ಪ್ರತಿ 15 ನಿಮಿಷಕ್ಕೊಂದು ಬೆಲೆ, ದಿನಕ್ಕೆ 96.

ನನಗೆ ಅರ್ಥವಾಗಲು ಬಹಳ ಕಾಲ ಹಿಡಿದದ್ದು ನೀರಿನ ಲೆಕ್ಕ. ನದಿಯ ನೀರಿಗೆ ಖರ್ಚಿಲ್ಲ, ಆದರೂ ಜಲವಿದ್ಯುತ್ ಏಕೆ ಅಗ್ಗವಾಗಿ ಬರುವುದಿಲ್ಲ? ಇಂದು ಹರಿಸಿದ ನೀರು ಫೆಬ್ರವರಿಯ ಚಳಿಗೆ ಉಳಿಯುವುದಿಲ್ಲವಲ್ಲ. ಆದ್ದರಿಂದ ಜಲಾಶಯದವರು ಮುಂದೆ ಸಿಗಬಹುದಾದ ಬೆಲೆಯನ್ನು ಲೆಕ್ಕಹಾಕಿಯೇ ಇಂದಿನ ಬಿಡ್ ಹಾಕುತ್ತಾರೆ. ಮಳೆ ಕಡಿಮೆಯಾದ ವರ್ಷ ಈ ಲೆಕ್ಕ ನಮ್ಮ ಬಿಲ್ಲಿನವರೆಗೂ ಬರುತ್ತದೆ.

ದೊಡ್ಡ ನದಿಗಳು ಉತ್ತರದಲ್ಲಿವೆ, ಜನವಸತಿ ಹೆಚ್ಚು ದಕ್ಷಿಣದಲ್ಲಿದೆ. ಮಾಲ್ಮೋ ಬಳಿಯ ಬಾರ್ಸೆಬೆಕ್ ಅಣುಸ್ಥಾವರದ ಎರಡು ರಿಯಾಕ್ಟರುಗಳು 1999 ಮತ್ತು 2005ರಲ್ಲಿ ಮುಚ್ಚಿದವು, ದಕ್ಷಿಣದ ಸ್ವಂತ ಉತ್ಪಾದನೆ ಅಷ್ಟು ಕಡಿಮೆಯಾಯಿತು. ಸಾಮಾನ್ಯವಾಗಿ ವಿದ್ಯುತ್ ಅಗ್ಗದ ವಲಯದಿಂದ ದುಬಾರಿ ವಲಯಕ್ಕೆ ಹರಿಯುತ್ತದೆ. ಪ್ರಸರಣ ಮಾರ್ಗ ತುಂಬಿದೊಡನೆ ಎರಡು ಕಡೆಯ ಬೆಲೆಗಳು ಬೇರೆಯಾಗುತ್ತವೆ. ಮಾಲ್ಮೋ ವಲಯದಿಂದ ಡೆನ್ಮಾರ್ಕ್, ಜರ್ಮನಿ, ಪೋಲೆಂಡ್, ಲಿಥುವೇನಿಯಾಗಳಿಗೂ ಕೇಬಲ್‌ಗಳಿವೆ. ಹಾಗಾಗಿ 2022ರಲ್ಲಿ ಯುರೋಪಿನಲ್ಲಿ ವಿದ್ಯುತ್ ತಯಾರಿಕೆಗೂ ಬಳಸುವ ಅನಿಲದ ಬೆಲೆ ಏರಿದಾಗ ನಮ್ಮ ಅಡುಗೆಮನೆಯೂ ಅದರ ಬಿಸಿ ಉಂಡಿತು. ಅಗ್ಗದ ವಲಯದ ವಿದ್ಯುತ್ ದುಬಾರಿ ವಲಯದಲ್ಲಿ ಮಾರಾಟವಾದಾಗ ಉಳಿಯುವ ಬೆಲೆ ವ್ಯತ್ಯಾಸದ ಹಣ ಪ್ರಸರಣ ಜಾಲದ ಸರ್ಕಾರಿ ಸಂಸ್ಥೆಯಾದ ಸ್ವೆನ್ಸ್ಕಾ ಕ್ರಾಫ್ಟ್‌ನೆಟ್‌ಗೆ ಸೇರುತ್ತದೆ. 2023ರಲ್ಲಿ ಮೂರು ಮತ್ತು ನಾಲ್ಕನೆಯ ವಲಯದ ಮನೆಗಳಿಗೆ ಪರಿಹಾರ ಕೊಟ್ಟದ್ದು ಈ ಹಣದಿಂದಲೇ. ಅದು ನ್ಯಾಯವಾದ ಕೆಲಸವೆಂದು ನಾನು ಈಗಲೂ ನಂಬುತ್ತೇನೆ.

ನಿಮಗೆ ಎರಡು ಒಪ್ಪಂದಗಳು ಬೇಕು. ತಂತಿಜಾಲದ ಕಂಪನಿಯನ್ನು ನೀವು ಆರಿಸುವಂತಿಲ್ಲ. ವಿದ್ಯುತ್ ಮಾರುವ ಕಂಪನಿಯನ್ನು ಆರಿಸಲೇಬೇಕು. ಆರಿಸದಿದ್ದರೆ ಕರೆಂಟ್ ಬರುತ್ತದೆ, ಆದರೆ 'ಆನ್ವೀಸತ್ ಪ್ರೀಸ್' ಎಂಬ ದರದಲ್ಲಿ, ಅದು ಸಾಮಾನ್ಯವಾಗಿ ದುಬಾರಿ. ನಾನು ಮೂರು ತಿಂಗಳು ತಿಳಿಯದೆ ಅದನ್ನೇ ಕಟ್ಟಿದೆ. ಸರ್ಕಾರಿ ತಾಣವಾದ ಎಲ್‌ಪ್ರಿಸ್‌ಕೊಲ್ಲೆನ್‌ನಲ್ಲಿ ಕಂಪನಿಗಳ ದರಗಳನ್ನು ಹೋಲಿಸಿ ನೋಡಿ.

ಮನೆ ಬೆಚ್ಚಗಿಡುವ ಖರ್ಚು ಬಾಡಿಗೆಯಲ್ಲೇ ಸೇರಿದ್ದರೆ ಬದಲಾಗುವ ದರ ಸಾಕು. ದಕ್ಷಿಣದಲ್ಲಿ ವಿದ್ಯುತ್ತಿನಿಂದಲೇ ಬೆಚ್ಚಗಾಗುವ ಸ್ವತಂತ್ರ ಮನೆಯಾದರೆ ಮೊದಲ ಚಳಿಗಾಲಕ್ಕೆ ನಿಗದಿತ ದರ ಹಿಡಿಯಿರಿ ಎಂಬುದು ನನ್ನ ಸಲಹೆ. ಜಾಹೀರಾತಿನಲ್ಲಿ 'ಎಲ್ ಇಂಗೋರ್' ಎಂದಿದ್ದರೆ ವಿದ್ಯುತ್ ಬಾಡಿಗೆಯಲ್ಲೇ ಸೇರಿದೆ. ಆಗ ಬೇರೆ ಒಪ್ಪಂದ ಮಾಡಿಕೊಳ್ಳಬೇಕಾಗಿಲ್ಲ.