ಲೈಟು ಉರಿದರೆ ಸಾಲದು: ಮಾಡೆಲ್ ವಿಮಾನಕ್ಕೆ 2.4 ಗಿಗಾಹರ್ಟ್ಸ್ ರಿಮೋಟ್ ಜೋಡಿಸುವುದು ಹೇಗೆ?

ಹೊಸ ಮಾಡೆಲ್ ವಿಮಾನ ಕೈಗೆ ಬಂದ ಕೂಡಲೇ ರಿಮೋಟ್ ಆನ್ ಮಾಡಿ, ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರಿನ ಲೈಟು ಉರಿಯಿತಾ ನೋಡಿ, ಸೀದಾ ಮೈದಾನಕ್ಕೆ ಓಡುವವರೇ ಜಾಸ್ತಿ. ನಾನೂ ಓಡಿದವನೇ. ಲೈಟು ಉರಿದ ಮೇಲೂ ಅರ್ಧ ಗಂಟೆ ಕೆಲಸ ಇರುತ್ತದೆ.

ಹಳೆಯ ರಿಮೋಟ್‌ಗಳಲ್ಲಿ ಒಂದು ಪುಟ್ಟ ಕ್ರಿಸ್ಟಲ್ ಇರುತ್ತಿತ್ತು, ಅದು ಯಾವ ಚಾನೆಲ್ಲಿನದೋ ನಿಮ್ಮದೂ ಅದೇ. ಅದೇ ಚಾನೆಲ್ಲಿನಲ್ಲಿ ಪಕ್ಕದವರು ರಿಮೋಟ್ ಆನ್ ಮಾಡಿದರೆ ನಿಮ್ಮ ವಿಮಾನ ಧೊಪ್ ಅಂತ ನೆಲಕ್ಕೆ. ಅದಕ್ಕೇ ಕ್ಲಬ್ಬುಗಳಲ್ಲಿ ಬಟ್ಟೆ ಕ್ಲಿಪ್ಪಿನ ಮೇಲೆ ಚಾನೆಲ್ ನಂಬರ್ ಬರೆದು ಬೋರ್ಡಿಗೆ ಸಿಕ್ಕಿಸುತ್ತಿದ್ದರು, ಕ್ಲಿಪ್ಪು ತೆಗೆದುಕೊಂಡವರು ಮಾತ್ರ ಹಾರಿಸಬೇಕು. 2005ರಲ್ಲಿ ಸ್ಪೆಕ್ಟ್ರಮ್ ಕಂಪನಿಯ 2.4 ಗಿಗಾಹರ್ಟ್ಸ್ ರಿಮೋಟ್ ಡಿಎಕ್ಸ್6 ಬಂದಮೇಲೆ ಈ ಗೋಳು ತಪ್ಪುತ್ತಾ ಬಂತು. ಈಗಿನ ರಿಮೋಟ್ 2400ರಿಂದ 2483.5 ಮೆಗಾಹರ್ಟ್ಸ್ ನಡುವೆ ಸಿಗ್ನಲ್ ಹರಡುತ್ತದೆ. ಕುಂಟೆಬಿಲ್ಲೆ ಆಟ ನೆನೆಸಿಕೊಳ್ಳಿ. ರಿಮೋಟ್, ರಿಸೀವರ್ ಎರಡೂ ಒಂದೇ ಕ್ರಮದಲ್ಲಿ ಮನೆಯಿಂದ ಮನೆಗೆ ಜಿಗಿಯುತ್ತವೆ. ಒಂದು ಮನೆಯಲ್ಲಿ ಯಾರದೋ ವೈಫೈ ಕೂತಿದ್ದರೂ ಮುಂದಿನ ಮನೆಯಲ್ಲಿ ಮಾತು ಮುಟ್ಟುತ್ತದೆ.

ಆ ಜಿಗಿತದ ಗುಟ್ಟನ್ನು ರಿಸೀವರಿಗೆ ಹೇಳಿಕೊಡುವುದೇ ಬೈಂಡ್. ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ರಿಸೀವರಿನ ಬೈಂಡ್ ಪೋರ್ಟಿಗೆ ಪ್ಲಗ್ ಹಾಕಿ ಬ್ಯಾಟರಿ ಕೊಡಿ, ಲೈಟು ಮಿಣುಕುತ್ತದೆ. ಮೋಟಾರಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಕಡ್ಡಿ ಪೂರ್ತಿ ಕೆಳಗಿರಲಿ. ಬೈಂಡ್ ಬಟನ್ ಒತ್ತಿಕೊಂಡೇ ರಿಮೋಟ್ ಆನ್ ಮಾಡಿ. ಲೈಟು ನಿಂತು ಉರಿದರೆ ಪ್ಲಗ್ ಕಿತ್ತುಬಿಡಿ. ಕೆಲವು ರಿಸೀವರುಗಳಲ್ಲಿ ಪ್ಲಗ್ ಬದಲು ಬಟನ್ ಇರುತ್ತದೆ. ಒಂದು ಕಂಪನಿಯ ರಿಮೋಟಿಗೆ ಇನ್ನೊಂದರ ರಿಸೀವರ್ ಸಾಮಾನ್ಯವಾಗಿ ಹೊಂದುವುದಿಲ್ಲ, ಕೊಳ್ಳುವಾಗಲೇ ಕೇಳಿ.

ಥ್ರಾಟಲ್ ಬಗ್ಗೆ ಯಾಕಿಷ್ಟು ಒತ್ತಿ ಹೇಳಿದೆ ಗೊತ್ತಾ? ಬೈಂಡ್ ಆಗುವಾಗ ಕಡ್ಡಿಗಳು ಎಲ್ಲಿವೆಯೋ ಅದನ್ನೇ ಎಷ್ಟೋ ರಿಸೀವರುಗಳು ಫೇಲ್‌ಸೇಫ್ ಎಂದು ನೆನಪಿಟ್ಟುಕೊಳ್ಳುತ್ತವೆ, ಸಿಗ್ನಲ್ ಹೋದರೆ ಅಲ್ಲಿಗೇ ಮರಳುತ್ತವೆ. ನಾನೊಮ್ಮೆ ಕಡ್ಡಿ ಅರ್ಧದಲ್ಲಿಟ್ಟು ಬೈಂಡ್ ಮಾಡಿ ಮರೆತಿದ್ದೆ. ಸಂಜೆ ಆಟ ಮುಗಿಸಿ ಬಂದು ವಿಮಾನವನ್ನು ಮೇಜಿನ ಮೇಲಿಟ್ಟು ರಿಮೋಟನ್ನೇ ಮೊದಲು ಆಫ್ ಮಾಡಿದೆ. ಮೋಟಾರು ಗುರ್ ಎಂದಿತು, ಮೇಜಿನ ಮೇಲಿದ್ದ ಪೇಪರ್ ಚಿಂದಿಚಿಂದಿ. ಬೆರಳು ಉಳಿದದ್ದೇ ಪುಣ್ಯ. ಪ್ರೊಪೆಲ್ಲರ್ ಇಲ್ಲದಾಗಲೇ ರಿಮೋಟ್ ಆಫ್ ಮಾಡಿ ಮೋಟಾರು ನಿಲ್ಲುತ್ತದಾ ನೋಡಿ. ಹಾರಿಸುವಾಗ ಮಾತ್ರ ರಿಮೋಟ್ ಮೊದಲು ಆನ್, ಕೊನೆಗೆ ಆಫ್. ಕಾರಾದರೆ ಫೇಲ್‌ಸೇಫ್ ಬ್ರೇಕಿಗೆ ಇಡಿ.

ಈಗ ಆಂಟೆನಾ. ರಿಸೀವರ್ ತಂತಿಯ ತುದಿಯಲ್ಲಿ ಸಿಪ್ಪೆ ಸುಲಿದಂತಿರುವ ಸುಮಾರು 31 ಮಿಲಿಮೀಟರ್ ಭಾಗವೇ ಸಿಗ್ನಲ್ ಹಿಡಿಯುವುದು. ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಅದರ ಕಾಲುಭಾಗ ಇದು. ಕತ್ತರಿಸಬೇಡಿ, ಮಡಚಬೇಡಿ. ಎರಡು ತಂತಿ ಇದ್ದರೆ ಒಂದು ಅಡ್ಡ, ಒಂದು ಉದ್ದ ಬರುವಂತೆ ಅಂಟಿಸಿ. ಬ್ಯಾಟರಿ, ಕಾರ್ಬನ್ ಫೈಬರ್ ಹತ್ತಿರ ಬೇಡ. ರಿಮೋಟಿನ ಆಂಟೆನಾ ತುದಿಯನ್ನು ವಿಮಾನದ ಕಡೆ ಗುರಿ ಇಡುವವರಿದ್ದಾರೆ, ಸಿಗ್ನಲ್ ತೀರಾ ಕಡಿಮೆ ಹೊರಡುವುದೇ ಆ ತುದಿಯಿಂದ!

ಮೈದಾನದಲ್ಲಿ ಪ್ರೊಪೆಲ್ಲರ್ ಹಾಕುವ ಮೊದಲು ರೇಂಜ್ ಚೆಕ್. ರಿಮೋಟಿನ ಆ ಮೋಡ್ ಸಿಗ್ನಲ್ಲಿನ ಶಕ್ತಿ ಇಳಿಸುತ್ತದೆ. ಅಕ್ಕನ ಮಗ ವಿಮಾನ ಹಿಡಿದು ನಿಲ್ಲುತ್ತಾನೆ, ನಾನು ಮೂವತ್ತು ಹೆಜ್ಜೆ ದೂರ ಹೋಗಿ ಬಾಲದಲ್ಲಿರುವ ರಡರ್ ಪಟ್ಟಿ ಆಡಿಸುತ್ತೇನೆ. ನಿಮ್ಮ ರಿಮೋಟಿಗೆ ಎಷ್ಟು ಹೆಜ್ಜೆ ಎಂದು ಅದರ ಪುಸ್ತಕದಲ್ಲಿ ಇರುತ್ತದೆ. ಅವನು ವಿಮಾನವನ್ನು ಎಲ್ಲ ಕಡೆಗೂ ತಿರುಗಿಸುತ್ತಾನೆ, ರಡರ್ ಎಲ್ಲೂ ತಡವರಿಸಬಾರದು. ಒಂದು ಕಡೆ ತಿರುಗಿಸಿದಾಗ ಮಾತ್ರ ತಡವರಿಸಿತಾ? ಆಂಟೆನಾ ಅಂಟಿಸಿದ ಜಾಗ ಬದಲಿಸಿ, ಮತ್ತೆ ಮೂವತ್ತು ಹೆಜ್ಜೆ ನಡೆಯಿರಿ.