ಮ್ಯೂನಿಕ್ಕಿನಲ್ಲಿ ಬ್ಯಾಡಗಿ ಸಸಿ: ಎರಡು ಸಲ ಸತ್ತು ಮೂರನೇ ಸಲ ಬಂದದ್ದು

ಮೊದಲು ಸೋತ ಲೆಕ್ಕ ಹೇಳಿಬಿಡುತ್ತೇನೆ. 2024ರ ಫೆಬ್ರವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ 40 ಬೀಜ ಹಾಕಿದೆ. 11 ಮೊಳೆತವು, ಉಳಿದದ್ದು ಸೊನ್ನೆ. ಮಾರ್ಚ್‌ನಲ್ಲಿ ಮತ್ತೆ 20 ಹಾಕಿದೆ. ಆರೇಳು ಸಸಿ ಬಂದವು, ಒಂದೊಂದಾಗಿ ಹಳದಿಯಾಗಿ ಅವೂ ಹೋದವು. ಹಾವೇರಿಯಿಂದ ಮಾವ ಫೋನಿನಲ್ಲಿ ನಕ್ಕರು. "ಅಲ್ರೀ ಅಳಿಯಂದ್ರ, ಮೆಣಸಿನಕಾಯಿ ಬೇಕಂದ್ರ ನಾವ ಕಳಸ್ತೀವಿ. ಆ ಥಂಡ್ಯಾಗ ಸುಮ್ನ ಯಾಕ ಒದ್ದಾಡ್ತೀರಿ?" ಹೆಂಡತಿ ಏನೂ ಅನ್ನಲಿಲ್ಲ. ಖಾಲಿ ಕುಂಡಗಳನ್ನು ತೊಳೆದು ನೆಲಮಾಳಿಗೆಯಲ್ಲಿಟ್ಟಳು, ಅಷ್ಟೇ. ಅದೇ ಜಾಸ್ತಿ ಚುಚ್ಚಿತು.

ಬೀಜದ ಕಥೆ ಮೊದಲು. ಊರಿಂದ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಗಾಗಿ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುವ ಒಣ ಬ್ಯಾಡಗಿಯನ್ನೇ ಒಡೆದು ಬೀಜ ತೆಗೆದೆ. ಆ ಪೊಟ್ಟಣ ಎಷ್ಟು ವರ್ಷ ಗೋದಾಮಿನಲ್ಲಿ ಕೂತಿತ್ತೋ ದೇವರೇ ಬಲ್ಲ. ಬೀಜ ಕಂದು ಬಣ್ಣಕ್ಕೆ ತಿರುಗಿತ್ತು. ಈಗ ಮಾಡುವುದು ಇಷ್ಟು: ಮೂರು ನಾಲ್ಕು ಪೊಟ್ಟಣದಿಂದ ಹತ್ತು ಹತ್ತು ಬೀಜ ತೆಗೆದು, ಒದ್ದೆ ಟಿಶ್ಯೂನಲ್ಲಿ ಸುತ್ತಿ, ಜಿಪ್ ಕವರಿನಲ್ಲಿ ಹಾಕಿ ವೈಫೈ ರೂಟರಿನ ಮೇಲೆ ಇಡುತ್ತೇನೆ. ಅಲ್ಲಿ ಹಗಲೂ ರಾತ್ರಿ ಬೆಚ್ಚಗಿರುತ್ತದೆ. ಯಾವ ಪೊಟ್ಟಣದಲ್ಲಿ ಆರಕ್ಕಿಂತ ಜಾಸ್ತಿ ಮೊಳೆಯುತ್ತೋ ಅದೇ ನನ್ನ ಬೀಜ. ಉಳಿದದ್ದು ಸಾರಿನ ಪುಡಿಗೆ.

ಮೊದಲ ಸಲ ಸತ್ತದ್ದು ಸಸಿ ಕೊಳೆಯಿಂದ. ನಿಮಗೆಲ್ಲ ಗೊತ್ತಿರುವುದೇ: ಬುಡ ದಾರದ ಹಾಗೆ ಸಣ್ಣಗಾಗಿ ಸಸಿ ಪಕ್ಕಕ್ಕೆ ಮಲಗುತ್ತದೆ. ಮೂರು ದಿನದಲ್ಲಿ ಎಂಟು ಹೋದವು. ಬಿಸಿಲೂ ಸಾಲದು. ಫೆಬ್ರವರಿ ಮೊದಲಲ್ಲಿ ಇಲ್ಲಿ ಹಗಲು ಒಂಬತ್ತೂವರೆ ಗಂಟೆ, ಅದರಲ್ಲೂ ಮೋಡ. ಸಸಿಗಳು ಬೆಳಕು ಹುಡುಕಿಕೊಂಡು ಗೇಣುದ್ದ ಎದ್ದು ಜೋಲು ಬಿದ್ದವು.

ಎರಡನೇ ಸಲದ್ದು ನನ್ನದೇ ಪೆದ್ದುತನ. ಸಸಿ ಮಣ್ಣಿನ ಬದಲು ಸೂಪರ್ ಮಾರ್ಕೆಟ್ಟಿನ ಹೂಕುಂಡದ ಮಣ್ಣು ತಂದೆ. 20 ಲೀಟರಿಗೆ ನಾಲ್ಕು ಯೂರೋ, ಅಗ್ಗ ಅಲ್ವಾ? ಅದರಲ್ಲಿ ಮೊದಲೇ ಗೊಬ್ಬರ ಸೇರಿಸಿರುತ್ತಾರೆ. ಮೊಳಕೆಯೆಲೆಯ ಮೇಲೆ ಎರಡು ನಿಜವಾದ ಎಲೆ ಬರುವಷ್ಟರಲ್ಲಿ ಹೊಸ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಹಸಿವಾಗಿದೆ ಅಂದುಕೊಂಡು ದ್ರವ ಗೊಬ್ಬರ ಹಾಕಿದೆ. ನಾಲ್ಕು ದಿನಕ್ಕೆ ತುದಿ ಸುಟ್ಟಿತು. ಬಾಯಾರಿಕೆ ಅಂದುಕೊಂಡು ನೀರು ಹಾಕಿದೆ. ಎಲೆ ಇನ್ನಷ್ಟು ಜೋತು ಬಿತ್ತು. ಮತ್ತೆ ನೀರು! ನೀರು ಕಡಿಮೆಯಾದರೂ ಎಲೆ ಜೋಲುತ್ತದೆ, ಜಾಸ್ತಿಯಾದರೂ ಜೋಲುತ್ತದೆ. ಎಲೆ ನೋಡಿ ಹೇಳಲಾಗದು, ಕುಂಡ ಎತ್ತಿ ನೋಡಬೇಕು.

ಆ ವರ್ಷ ಗೊಬ್ಬರ, ಮಣ್ಣು, ನೊಣ ಹಿಡಿಯುವ ಹಳದಿ ಅಂಟು ಹಾಳೆ ಎಲ್ಲ ಸೇರಿ ಸುಮಾರು 45 ಯೂರೋ ನೀರಲ್ಲಿ ಹೋಮ.

ಗುಟ್ಟು ಬಯಲಾದದ್ದು ಅಡುಗೆಮನೆಯ ಥರ್ಮಾಮೀಟರಿನಿಂದ. ಹೆಂಡತಿ ಹಾಲು ಹೆಪ್ಪು ಹಾಕುವಾಗ ಬಿಸಿ ನೋಡುವ ಕಡ್ಡಿ ಅದು. ಒಂದು ದಿನ ಬೆಳಿಗ್ಗೆ ಆರಕ್ಕೆ ಸುಮ್ನೆ ಕುಂಡದ ಮಣ್ಣಿಗೆ ಚುಚ್ಚಿದೆ. 14 ಡಿಗ್ರಿ! ಕೋಣೆಯಲ್ಲಿ 21 ಇತ್ತು. ಕಿಟಕಿಯ ಕಟ್ಟೆ ಕಲ್ಲಿನದು. ಕೆಳಗೆ ರೇಡಿಯೇಟರ್ ಇದ್ದರೂ ನಮ್ಮ ಕಟ್ಟಡದಲ್ಲಿ ರಾತ್ರಿ ಬಿಸಿ ಇಳಿಸುತ್ತಾರೆ. ಬೇರು ತಣ್ಣಗೆ, ಮಣ್ಣು ಒದ್ದೆ. ಅಂಥ ಕಡೆ ಬೇರು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೇಲೆ ಎಷ್ಟು ಗೊಬ್ಬರ ಸುರಿದರೂ ಎಲೆಗೆ ಹೋಗುವುದಿಲ್ಲ. ಜೊತೆಗೆ ಮ್ಯೂನಿಕ್ಕಿನ ನಲ್ಲಿ ನೀರು ಗಡಸು, ಕೆಟಲಿನ ತಳ ನೋಡಿದರೆ ಗೊತ್ತಾಗುತ್ತದೆ. ಆ ಸುಣ್ಣದಿಂದಾಗಿ ಗಿಡಕ್ಕೆ ಕಬ್ಬಿಣ ಇನ್ನೂ ಕಡಿಮೆ ಸಿಗುತ್ತದೆ. ಹೊಸ ಎಲೆಯ ಹಳದಿ ಅಲ್ಲಿಂದ ಬಂದದ್ದು.

2025ರ ಜನವರಿಯಲ್ಲಿ ಹಟ ಹಿಡಿದು ಗ್ರೋ ಶಾಪಿಗೆ, ಅಂದರೆ ಮನೆಯೊಳಗೆ ಗಿಡ ಬೆಳೆಸುವ ಸಾಮಾನಿನ ಅಂಗಡಿಗೆ, ಹೋದೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ದೊಡ್ಡವರು ಮನೆಯಲ್ಲಿ ಮೂರು ಗಾಂಜಾ ಗಿಡ ಬೆಳೆಸಬಹುದು ಅಂತ ಕಾನೂನು ಬಂದಿದೆ. ಟೆಂಟು, ಲೈಟು ಕೇಳಿದರೆ ಅದಕ್ಕೇ ಅಂದುಕೊಳ್ಳುತ್ತಾರೆ. "ಎಷ್ಟು ಗಿಡ?" ಅಂದ ಅಂಗಡಿ ಹುಡುಗ. "ಹದಿನಾಲ್ಕು" ಅಂದೆ. ಅವನು ಬಾಗಿಲ ಕಡೆ ನೋಡಿದ. ಮೆಣಸಿನ ಗಿಡ ಅಂತ ಬಿಡಿಸಿ ಹೇಳಿದ ಮೇಲೆ ನಕ್ಕು ಸಣ್ಣ ಟೆಂಟೇ ಸಾಕು ಅಂದ. ಅರವತ್ತಕ್ಕೆ ಅರವತ್ತು ಸೆಂಟಿಮೀಟರಿನ ಟೆಂಟು 45 ಯೂರೋ, ಬೆಳಕು ಕಡಿಮೆ ಮಾಡಬಹುದಾದ ಎಲ್‌ಇಡಿ 75, ಬಿಸಿ ಮಾಡುವ ಮ್ಯಾಟು 25ರ ಹತ್ತಿರ, ಚಿಕ್ಕ ಫ್ಯಾನು 15. ಕರೆಂಟು ತಿಂಗಳಿಗೆ ಹತ್ತು ಯೂರೋ ಬಂತು ಅಂತ ನೆನಪು.

24 ಬೀಜ ಹಾಕಿದೆ, ಈ ಸಲ ನಿಜವಾದ ಸಸಿ ಮಣ್ಣಿನಲ್ಲಿ. ಕುತೂಹಲಕ್ಕೆ ಅರ್ಧ ಟ್ರೇ ಮಾತ್ರ ಮ್ಯಾಟಿನ ಮೇಲಿಟ್ಟೆ. ಮ್ಯಾಟಿನ ಮೇಲಿನ ಹನ್ನೆರಡರಲ್ಲಿ ಹನ್ನೊಂದು ಎಂಟನೇ ದಿನದಿಂದ ತಲೆ ಎತ್ತಿದವು. ಉಳಿದ ಹನ್ನೆರಡರಲ್ಲಿ ಎಂಟು, ಅದೂ ಮೂರು ವಾರಕ್ಕೆ. ಮಾವನಿಗೆ ಫೋಟೋ ಕಳಿಸಿದೆ. ಉತ್ತರ ಇಲ್ಲ.

ಮೊಳಕೆ ಬಂದ ಕೂಡಲೇ ಮ್ಯಾಟಿನ ಬಿಸಿಯನ್ನು 28ರಿಂದ 22ಕ್ಕೆ ಇಳಿಸಿದೆ, ಇಲ್ಲವಾದರೆ ಮತ್ತೆ ಉದ್ದ ಎಳೆಯುತ್ತವೆ. ಲೈಟಿನಲ್ಲಿ ಎಡವಿದೆ. ಪೂರ್ತಿ ಬೆಳಕಿಟ್ಟು ಒಂದು ಅಡಿ ಎತ್ತರದಲ್ಲಿ ತೂಗುಹಾಕಿದ್ದೆ. ಎರಡೇ ದಿನಕ್ಕೆ ಎಲೆ ದೋಣಿಯ ಹಾಗೆ ಮೇಲಕ್ಕೆ ಮಡಚಿ ಬಿಳಿಚಿಕೊಂಡಿತು. ಎಲೆ ಮುದುಡಿಸುವ ಮುಟುರು ರೋಗವೇ ಬಂತು ಅಂತ ಎದೆ ಧಸಕ್ಕೆಂದಿತು. ಭೂತಗನ್ನಡಿ ಹಿಡಿದು ನೋಡಿದರೆ ಎಲೆಯ ರಸ ಹೀರುವ ಥ್ರಿಪ್ಸ್ ಹುಳು ಇಲ್ಲ, ಮೈಟ್ ನುಸಿ ಇಲ್ಲ. ಲೈಟನ್ನು ಅರ್ಧ ಮೀಟರಿಗೆ ಏರಿಸಿ, ಬೆಳಕನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಹೊಸ ಎಲೆ ನೆಟ್ಟಗೆ ಬಂತು.

ಇನ್ನು ನೀರು. ಅಡುಗೆ ತಕ್ಕಡಿಯಲ್ಲಿ ಕುಂಡ ತೂಗಿದೆ. 9 ಸೆಂಟಿಮೀಟರಿನ ಕುಂಡ ನೀರು ಕುಡಿದಾಗ 350 ಗ್ರಾಂ ಹತ್ತಿರ. 180ಕ್ಕೆ ಇಳಿಯುವವರೆಗೆ ಮುಟ್ಟುವುದಿಲ್ಲ ಅಂತ ನಿಯಮ ಮಾಡಿಕೊಂಡೆ. ವಾರ ಕಳೆದರೆ ತಕ್ಕಡಿ ಬೇಡ, ಕೈಗೇ ಗೊತ್ತಾಗುತ್ತದೆ. ಅತ್ತೆ ಹೇಳುತ್ತಲೇ ಇದ್ದರು, "ಮೆಣಸಿನ ಅಗಿಗೆ ನೀರು ಸುರೀಬ್ಯಾಡ್ರಿ, ಬಾಯಿ ಒಣಗಸ್ರಿ" ಅಂತ. ಹಳ್ಳಿ ಮಾತು, ಇಲ್ಲಿ ನಡೆಯಲ್ಲ ಅಂದುಕೊಂಡಿದ್ದೆ. ಬೀಜ ನೆನೆಸುವ ನೀರಿಗೆ ಒಂದು ಚಿಟಿಕೆ ಏನೋ ಹಾಕಲೂ ಅವರೇ ಹೇಳಿಕೊಟ್ಟರು. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ.

ಮಧ್ಯೆ ಒಂದಷ್ಟು ಹುಚ್ಚಾಟ. ಗಡಸು ನೀರು ತಪ್ಪಿಸಲು ಬಾಲ್ಕನಿಯ ಹಿಮ ಕರಗಿಸಿ ಹಾಕಿದೆ. ಸರಿಯಾಗಿ ಬೆಚ್ಚಗಾಗಲು ಬಿಡದೆ ಹಾಕಿದ್ದರಿಂದ ನಾಲ್ಕು ಸಸಿ ಆ ಸಂಜೆಯೇ ತಲೆ ಬಾಗಿಸಿದವು, ಮಾರನೆಯ ದಿನ ಎದ್ದವು. ಈಗ ಮಳೆ ನೀರನ್ನು ಕೋಣೆಯಲ್ಲಿ ಒಂದು ದಿನ ಇಟ್ಟು ಹಾಕುತ್ತೇನೆ. ಮಣ್ಣಿನ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದೆ, ಮನೆ ಘಮ್ಮೆಂದಿತು, ಬೇರೇನೂ ಆಗಲಿಲ್ಲ. ಮಣ್ಣಲ್ಲಿ ಹುಟ್ಟುವ ಆ ಕರೀ ಸೊಳ್ಳೆಯಂಥ ನೊಣಕ್ಕೆ ಮಾತ್ರ ಮದ್ದು ಸಿಕ್ಕಿತು. ಅಂಚೆಯಲ್ಲಿ ನೆಮಟೋಡ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳನ್ನು ತರಿಸಿದೆ, ಒಂಬತ್ತು ಯೂರೋ. ಪುಡಿಯನ್ನು ನೀರಲ್ಲಿ ಕಲಸಿ ಸುರಿಯುವುದು, ಬೇರು ತಿನ್ನುವ ನೊಣದ ಮರಿಗಳನ್ನು ಅವು ಮುಗಿಸುತ್ತವೆ. ಆ ಪೊಟ್ಟಣ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಎರಡು ದಿನ ಇತ್ತು ಅನ್ನುವುದು ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಆಫೀಸಿನ ಒಬ್ಬ ಜರ್ಮನ್ ಗೆಳೆಯ ಆ ಹೊಸ ಕಾನೂನಿನ ಹುಮ್ಮಸ್ಸಿನಲ್ಲಿ ಮೂರು ಗಾಂಜಾ ಬೀಜ ಹಾಕಿದ್ದ, ಒಂದೊಂದಕ್ಕೆ ಹತ್ತು ಯೂರೋ ಕೊಟ್ಟು. (ಭಾರತದಲ್ಲಿ ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಇದೆ. ಊರಲ್ಲಿ ಯಾರೂ ಇದಕ್ಕೆ ಕೈ ಹಾಕಬೇಡಿ.) ಸಸಿ ಜೋತು ಬಿದ್ದಿದೆ, ಹಳದಿ ಆಗಿದೆ ಅಂತ ಗೋಳು. ಮನೆಗೆ ಹೋಗಿ ನೋಡಿದೆ. ಎರಡೆಲೆಯ ಸಸಿ ಬಕೆಟ್ಟಿನಷ್ಟು ದೊಡ್ಡ ಕುಂಡದಲ್ಲಿ ಕೂತಿದೆ, ನೆಲ ತಣ್ಣನೆಯ ಟೈಲ್ಸು, ಪಕ್ಕದಲ್ಲಿ ಐದು ಬಾಟಲಿ ಗೊಬ್ಬರ. ಕುಂಡ ಎತ್ತಿದೆ, ಕಲ್ಲಿನ ಹಾಗಿತ್ತು. ನನ್ನದೇ ಹಳೇ ರೋಗ, ಗಿಡ ಮಾತ್ರ ಬೇರೆ. ಕೆಳಗೆ ಥರ್ಮಾಕೋಲ್ ಇಡು, ಐದು ದಿನ ನೀರು ಮುಟ್ಟಬೇಡ, ಬಾಟಲಿಗಳನ್ನು ಮುಚ್ಚಿಡು ಅಂದೆ. ಮೆಣಸಿನಕಾಯಿ ಬೆಳೆಯುವವನ ಮಾತು ಅಂತ ಅವನಿಗೆ ನಂಬಿಕೆ ಬರಲಿಲ್ಲ. ಒಂದು ಆಗಲೇ ಹೋಗಿತ್ತು, ಎರಡು ಎದ್ದವು. ಈಗ ಎಲೆಯ ಫೋಟೋ ತೆಗೆದು ನನಗೇ ಕಳಿಸುತ್ತಾನೆ.

ಇಲ್ಲಿ ಮೇ 11ರಿಂದ 15ರವರೆಗೆ ಹಿಮ ಸಂತರ ದಿನಗಳು ಅಂತಾರೆ. ಅದು ಕಳೆಯದೆ ಗಿಡ ಹೊರಗಿಡಬಾರದು ಅನ್ನುವುದು ಇಲ್ಲಿನ ಅಜ್ಜಿಯರ ಮಾತು. ಕಾದೆ. ಹೊರಗೆ ಹೋದದ್ದು 13 ಗಿಡ, ಒಂದನ್ನು ಬಾಗಿಲಲ್ಲಿ ನಾನೇ ತುಳಿದೆ. ಸೆಪ್ಟೆಂಬರಿನಲ್ಲಿ ಕೆಂಪಾಯಿತು. ಇಲ್ಲಿನ ತೇವಕ್ಕೆ ಬಿಸಿಲಲ್ಲಿ ಒಣಗುವುದಿಲ್ಲ, ಓವನ್ನಿನ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ 50 ಡಿಗ್ರಿಯಲ್ಲಿ ಒಣಗಿಸಿದೆ. ಆ ಸುಕ್ಕು, ಆ ಬಣ್ಣ, ಸಾಕ್ಷಾತ್ ಬ್ಯಾಡಗಿ. ಒಣಗಿದ ಮೇಲೆ 600 ಗ್ರಾಂ ಚಿಲ್ಲರೆ.

ಹೆಂಡತಿ ಲೆಕ್ಕ ಹಾಕಿದಳು. ಟೆಂಟು, ಲೈಟು, ಕರೆಂಟು ಸೇರಿ ಇನ್ನೂರು ಯೂರೋ ದಾಟಿದೆ. ಅಂಗಡಿಯಲ್ಲಿ ಅಷ್ಟೇ ಮೆಣಸಿನಕಾಯಿ ಹದಿನೈದು ಇಪ್ಪತ್ತಕ್ಕೆ ಸಿಗುತ್ತಿತ್ತು. ಟೆಂಟು ಮುಂದಿನ ವರ್ಷಕ್ಕೂ ಬರುತ್ತದೆ ಅಂದೆ. "ಬರಲಿ" ಅಂದಳು. ಮಾವನಿಗೆ ಕಾಲು ಕೆಜಿ ಮೆಣಸಿನಕಾಯಿಯ ಫೋಟೋ ಕಳಿಸಿದೆ. ಬ್ಯಾಡಗಿಯಲ್ಲಿ ಎರಡು ಬಗೆ, ಗಿಡ್ಡ ದಪ್ಪ ಡಬ್ಬಿ, ಉದ್ದ ತೆಳ್ಳನೆಯ ಕಡ್ಡಿ. ಈ ಸಲ ಉತ್ತರ ಬಂತು: "ಡಬ್ಬಿ ಏನ್ರಿ, ಕಡ್ಡಿ ಏನ್ರಿ?" ಕಡ್ಡಿ, ಅಂತ ಬರೆದೆ.