ಗೋಧಿ ಆಗದವರಿಗೆ ಮಳೆಗಾಲದ ಡಬ್ಬಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳೆಲ್ಲ ಬಂದ್ ಆದವು. ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಇಂಥ ಹೊತ್ತಲ್ಲಿ ಮೊದಲು ಕೈಗೆ ಸಿಗುವುದು ಬ್ರೆಡ್ಡು, ಬಿಸ್ಕತ್ತು, ರವೆ ಉಪ್ಪಿಟ್ಟು. ಸೀಲಿಯಾಕ್ ಕಾಯಿಲೆ ಇರುವವರು ಮೂರನ್ನೂ ಮುಟ್ಟುವಂತಿಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ಅವರ ಸಣ್ಣ ಕರುಳಿನ ಒಳಪದರವನ್ನೇ ಹಾಳು ಮಾಡುತ್ತದೆ. ‘ಇವತ್ತೊಂದಿನ ತಿಂದ್ರೆ ಏನಾಗುತ್ತೆ’ ಅನ್ನುವ ಹಾಗಿಲ್ಲ. ಹಾಗಾಗಿ ಅವರ ಡಬ್ಬಿ ಮೇ ತಿಂಗಳಲ್ಲೇ ತುಂಬಿರಬೇಕು.

ಮೊದಲು ಲೆಕ್ಕ. ಒಬ್ಬರಿಗೆ ವಾರಕ್ಕೆ ಸುಮಾರು 3 ಕೆಜಿ ಅಕ್ಕಿ ಅಥವಾ ಸಿರಿಧಾನ್ಯ, ಮುಕ್ಕಾಲು ಕೆಜಿ ಬೇಳೆಕಾಳು. ಉಪ್ಪು, ಎಣ್ಣೆ, ಹುಣಸೆಹಣ್ಣು ಹೇಗೂ ಮನೆಯಲ್ಲಿರುತ್ತದೆ.

ಆಮೇಲೆ ಒಲೆ ಹಚ್ಚದೆ ತಿನ್ನುವಂಥದ್ದು. ಇದೇ ಮುಖ್ಯ, ಗ್ಯಾಸ್ ಯಾವಾಗ ಕೈಕೊಡುತ್ತೋ ಗೊತ್ತಿಲ್ಲ ಅಲ್ವಾ? ತೆಳು ಅವಲಕ್ಕಿಗೆ ಎರಡು ಚಮಚ ನೀರು ಚಿಮುಕಿಸಿ, ಬೆಲ್ಲ, ಕೊಬ್ಬರಿ ತುರಿ ಹಾಕಿ ಕಲಸಿದರೆ ಹೊಟ್ಟೆ ತುಂಬುತ್ತದೆ. ಹುರಿಗಡಲೆ, ಹುರಿದ ಶೇಂಗಾ, ಖರ್ಜೂರ ಇಡಿ. ಮಂಡಕ್ಕಿ ಬೇಡ, ಸುಮ್ನೆ ಜಾಗ ತಿನ್ನುತ್ತದೆ.

ಈಗ ಅಡಗಿ ಕೂತ ಗೋಧಿಯ ವಿಷಯ. ನಮ್ಮ ಅಡುಗೆಮನೆಯ ದೊಡ್ಡ ಕಳ್ಳ ಇಂಗು. ಅಂಗಡಿಯ ಇಂಗಿನ ಪುಡಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆಸಿರುತ್ತಾರೆ. ಅದೇ ಇಂಗು ಸಾರಿನ ಪುಡಿಗೂ, ಉಪ್ಪಿನಕಾಯಿಗೂ, ಹಪ್ಪಳಕ್ಕೂ ಹೋಗುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಪ್ಯಾಕೆಟ್ ತಿರುಗಿಸಿ ಓದಿ. ಇಲ್ಲವಾದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು. ಶಾವಿಗೆ ಬೇಕಿದ್ದರೆ ಅಕ್ಕಿಯದ್ದೋ ರಾಗಿಯದ್ದೋ ತನ್ನಿ, ಆದರೆ ರಾಗಿ ಶಾವಿಗೆಯಲ್ಲೂ ಮೈದಾ ಇರಬಹುದು. ‘ಗ್ಲುಟನ್ ಮುಕ್ತ’ ಎಂದು ಬರೆಯಬೇಕಿದ್ದರೆ ನಮ್ಮಲ್ಲಿ ಕೆಜಿಗೆ 20 ಮಿಲಿಗ್ರಾಂ ಮೀರಿ ಗ್ಲುಟನ್ ಇರುವಂತಿಲ್ಲ.

ಇನ್ನೊಂದು ಕಳ್ಳ ಹಿಟ್ಟಿನ ಗಿರಣಿ. ನಮ್ಮ ತಂಗಿಯ ಮಗಳಿಗೆ ಅಪ್ಪಟ ರಾಗಿ ರೊಟ್ಟಿ ತಿಂದೂ ಎರಡು ದಿನ ಹೊಟ್ಟೆನೋವು. ಆಮೇಲೆ ವಿಚಾರಿಸಿದರೆ, ನಮ್ಮ ರಾಗಿ ಬೀಸುವ ಮೊದಲು ಅದೇ ಕಲ್ಲಿನಲ್ಲಿ ಗೋಧಿ ಬೀಸಿದ್ದರಂತೆ! ಈಗ ಕರೆಂಟ್ ಇರುವಾಗಲೇ ಮನೆಯ ಮಿಕ್ಸಿಯಲ್ಲಿ ಒಂದು ಕೆಜಿಯಷ್ಟು ಬೀಸಿ, ಜರಡಿ ಹಿಡಿದು ಇಡುತ್ತೇವೆ. ಮಿಕ್ಕದ್ದು ಕಾಳಾಗಿಯೇ ಇರಲಿ. ರಾಗಿ ಕಾಳಿಗೆ ಹುಳ ಬೀಳುವುದು ಕಡಿಮೆ. ಸಜ್ಜೆ ಹಿಟ್ಟು ಮಾತ್ರ ಇಡಬೇಡಿ, ಬೇಗ ಕಹಿಯಾಗುತ್ತದೆ.

ಎಲ್ಲವನ್ನೂ ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ, ಗೋಧಿ ಹಿಟ್ಟಿನ ಡಬ್ಬಿಗಿಂತ ಮೇಲಿನ ಹಲಗೆಯಲ್ಲಿಡಿ. ಕೆಳಗಿಟ್ಟರೆ ಮೇಲಿನ ಹಿಟ್ಟು ಉದುರುತ್ತದೆ. ಚಮಚವೂ ಬೇರೆ. ನಮ್ಮ ಮನೆಯಲ್ಲಿ ಅದರ ಹಿಡಿಗೆ ಕೆಂಪು ದಾರ ಕಟ್ಟಿದೆ.

ಮನೆ ಬಿಡಬೇಕಾದರೆ ಡಬ್ಬಿಯ ಜೊತೆ ಒಂದು ಚೀಟಿಯೂ ಇರಲಿ: ‘ಈ ಮಗುವಿಗೆ ಗೋಧಿ, ಮೈದಾ, ರವೆ ಕೊಡಬೇಡಿ. ಅನ್ನ ಆಗುತ್ತದೆ.’

ಮಳೆ ನಿಂತ ಮೇಲೆ ಹಳೆಯದನ್ನು ತಿಂದು ಮುಗಿಸಿ. ಉಳಿದ ಅವಲಕ್ಕಿ ದೀಪಾವಳಿಗೆ ಹೇಗೂ ಖರ್ಚಾಗುತ್ತದೆ.